ಚೌಸಿಕುವಿನ ಸೂರಕ್ಕಿ

ಕಾಗದ ಬಂದು ನಾಲ್ಕು ದಿನವಾಗಿತ್ತು. ಪೊನ್ಸಿಯಾನೊ ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಅಕ್ಕ ಕೊಲೆಟಾಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಐದನೆಯ ದಿನ ಬೆಳಿಗ್ಗೆ ಕೊಲೆಟಾ ತಾನೇ ಏದುಸಿರು ಬಿಡುತ್ತಾ ಏರು ಹತ್ತಿ ಅವನ ಮನೆಗೆ ಬಂದಳು. ಕೈಯಲ್ಲಿ ಒಂದು ಹಾಳೆ, ಒಂದು ಪೆನ್ಸಿಲ್ಲು.

"ಗಾರೆಯವನು ನಾಳೆ ಬರ್ತಾನೆ. ಮಗಳ ಗೋರಿಗೆ ಸಿಮೆಂಟು ಹಾಕಿ, ಹಸಿ ಇರುವಾಗ್ಲೇ ಅಕ್ಷರ ಕೊರೀಬೇಕಂತೆ. ಹಕ್ಕಿಗೆ ಪುಸ್ತಕದಲ್ಲಿ ಅವಳ ಹೆಸರು ಇಟ್ಟಿದಾರಲ್ಲ, ಅದನ್ನ ಹಾಗೇ ದೊಡ್ಡದಾಗಿ ಬರ್ಕೊಡು. ಒಂದಕ್ಷರಾನೂ ತಪ್ಪಬಾರದು."

ಪೊನ್ಸಿಯಾನೊ ಪೆನ್ಸಿಲ್ಲಿನ ಮೊನೆಯನ್ನು ಹಾಳೆಗೆ ತಾಗಿಸಿ ಮತ್ತೆ ಎತ್ತಿದ.

"ಯಾಕೋ, ಕೈಗೆ ಲಕ್ವ ಹೊಡೀತಾ? ಇಪ್ಪತ್ತು ವರ್ಷ ಆ ಓದಿದವರ ಹಿಂದೆ ಬಲೆ ಹೊತ್ಕೊಂಡು ಅಲೆದಿದೀಯ, ಒಂದು ಹೆಸರು ಬರೆಯೋಕೆ ಬರಲ್ವಾ?"

ಚೌಸಿಕು ಕೊಲೆಟಾಳ ಒಬ್ಬಳೇ ಮಗಳು. ಸೋದರಮಾವ ಪೊನ್ಸಿಯಾನೊನ ಜೊತೆ ಅವಳೂ ಮೂರು ವರ್ಷ ಉಲುಗುರು ಬೆಟ್ಟದ ಮೇಲಿನ ಕಾಡಿನಲ್ಲಿ ಹಕ್ಕಿ ಹಿಡಿಯುವ ಬಲೆ ಕಟ್ಟಿದ್ದಳು. ಪಾಚಿ ಹಿಡಿದ ಮರಗಳ ನಡುವೆ ಹೂವಿನ ಜೇನು ಹೀರುವ ಸೂರಕ್ಕಿಯ ಎದೆಯ ಮೇಲಿನ ಬಣ್ಣದ ಪಟ್ಟಿ ಆಚೆ ಬೆಟ್ಟದ ಸೂರಕ್ಕಿಯದಕ್ಕಿಂತ ಅಗಲ, ಇದು ಬೇರೆಯೇ ಹಕ್ಕಿ ಎಂದು ಮೊದಲು ಹೇಳಿದವಳು ಅವಳೇ. ಪಕ್ಷಿ ವಿಜ್ಞಾನಿ ಡಾಕ್ಟರ್ ಎಂಬ್ವಾಂಬೊ ಕೊಕ್ಕು, ರೆಕ್ಕೆ ಎಲ್ಲ ಅಳೆದು ನೋಡಿ ಹೌದೆಂದರು. ಆ ವಿಷಯ ಪುಸ್ತಕದಲ್ಲಿ ಅಚ್ಚಾಗುವ ಹೊತ್ತಿಗೆ ಹತ್ತೊಂಬತ್ತರ ಹುಡುಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಡಾಕ್ಟರು ಹಕ್ಕಿಗೆ ಅವಳ ಹೆಸರನ್ನೇ ಇಟ್ಟರು.

ಅವರ ಕುಲದಲ್ಲಿ ಸತ್ತವಳ ಹೆಸರು ಅವಳ ಮೊಮ್ಮಕ್ಕಳಿಗೆ ಬರುತ್ತದೆ. ಮಕ್ಕಳಿಲ್ಲದೆ ಸತ್ತವಳ ಹೆಸರನ್ನು ಯಾರೂ ಯಾವ ಕೂಸಿಗೂ ಇಡುವುದಿಲ್ಲ, ಅವಳನ್ನು ಕಂಡವರು ಹೋದ ಮೇಲೆ ಅದನ್ನು ಕರೆಯುವವರೇ ಇರುವುದಿಲ್ಲ. ಮಗಳ ಸಾವಿಗಿಂತ ಕೊಲೆಟಾ ಹೆಚ್ಚು ಅತ್ತದ್ದು ಇದಕ್ಕೆ. ಹಕ್ಕಿಗೆ ಹೆಸರು ಬಂದ ಮೇಲೆಯೇ ಆ ಅಳು ನಿಂತದ್ದು. ಅದು ಕಾಡು ಬಿಟ್ಟು ಕೆಳಗಿಳಿಯುವ ಹಕ್ಕಿಯಲ್ಲ. ಆದ್ದರಿಂದ ಭಾನುವಾರ ಚರ್ಚು ಮುಗಿದ ಮೇಲೆ ಅವಳೇ ಹುರುಳಿಕಾಯಿ ಪಾತಿಗಳನ್ನು ದಾಟಿ ಹೋಗಿ, ಕಾಡಿನ ಅಂಚಿನ ಕರ್ಣಕುಂಡಲದ ಗಿಡಗಳ ನಡುವೆ ನಿಂತಿರುತ್ತಿದ್ದಳು. ಹಕ್ಕಿ ತಡವಾಗಿ ಬಂದರೆ ಹೆಸರು ಹಿಡಿದು ಬೈಯುತ್ತಿದ್ದಳು.

ಪೊನ್ಸಿಯಾನೊ ಪೆನ್ಸಿಲ್ಲು ಕೆಳಗಿಟ್ಟು ಜೇಬಿನಿಂದ ಕಾಗದ ತೆಗೆದ.

"ಡಾಕ್ಟ್ರು ಬರೆದಿದಾರೆ ಅಕ್ಕಾ. ಹಕ್ಕಿಗಳ ರಕ್ತ ಪರೀಕ್ಷೆ ಮಾಡಿಸಿದ್ರಂತೆ. ನಮ್ಮದೂ ಆಚೆ ಬೆಟ್ಟದ್ದೂ ಒಂದೇ ಜಾತಿಯಂತೆ."

"ಆಗ್ಲಿ, ಅದಕ್ಕೇನೀಗ?"

"ಒಂದೇ ಜಾತಿಗೆ ಎರಡು ಹೆಸರು ಇರೋ ಹಾಗಿಲ್ಲ. ಯಾವುದು ಮೊದಲು ಇಟ್ಟಿದ್ದೋ ಅದೇ ಉಳಿಯೋದು. ಆಚೆ ಬೆಟ್ಟದ್ದಕ್ಕೆ ಮೊದ್ಲೇ ಹೆಸರಿತ್ತು. ಅದು ಅವರ ಕಾನೂನು."

"ಹಾಗಂದ್ರೆ ಹಕ್ಕಿ ಇರಲ್ವಾ?"

"ಇರತ್ತೆ ಅಕ್ಕಾ. ಎಲ್ಲಿತ್ತೋ ಅಲ್ಲೇ ಇರತ್ತೆ. ನಮ್ಮ ಹುಡುಗಿ ಹೆಸರನ್ನ ಮಾತ್ರ ತೆಗೆದ್ರು."

ಕೊಲೆಟಾ ಖಾಲಿ ಹಾಳೆಯನ್ನು ಎತ್ತಿಕೊಂಡು ಮಡಿಸತೊಡಗಿದಳು. ಡಾಕ್ಟರು ತುಂಬಾ ನೊಂದುಕೊಂಡು ಬರೆದಿದ್ದಾರೆ ಎಂದು ಪೊನ್ಸಿಯಾನೊ ಹೇಳಿ ನೋಡಿದ.

"ಆ ಮೊದಲಿನ ಹೆಸರು ಯಾರದು?"

"ಯಾರೋ ಬಿಳಿ ಅಧಿಕಾರಿಯ ಹೆಂಡತೀದು. ನೂರು ವರ್ಷದ ಮಾತು. ಆಕೆ ಈ ಕಡೆ ಬಂದೇ ಇರಲಿಲ್ವಂತೆ."

"ಆಕೆಗೆ ಮಕ್ಕಳಿದ್ರಾ?"

"ಐದು ಜನ ಇದ್ರಂತೆ. ಮೊಮ್ಮಕ್ಕಳು ಒಂದ್ಸಲ ಡಾಕ್ಟರ ಹತ್ರ ಬಂದು ಹಕ್ಕಿ ಫೋಟೋ ತಗೊಂಡು ಹೋಗಿದಾರೆ."

ಕೊಲೆಟಾ ಮಂಡಿಯ ಮೇಲೆ ಕೈಯೂರಿ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತು ತಮ್ಮನನ್ನು ಕೇಳಿದಳು:

"ಐದು ಮಕ್ಕಳನ್ನ ಹೆತ್ತವಳಿಗೆ ಹಕ್ಕಿ ಯಾಕೆ ಬೇಕಾಗಿತ್ತೋ?"