ಮೇಲೊಂದು ಕೈ ಸಿಮೆಂಟು

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನಾನು ಹೆಜ್ಜೆಯಿಡುವ ಮೊದಲು ನೆಲವನ್ನು ಕಾಲಿನಿಂದ ತಟ್ಟಿ ನೋಡುತ್ತೇನೆ.

ಹೊಳೆನರಸೀಪುರದ ನಮ್ಮ ಮನೆಯ ಪಕ್ಕದಲ್ಲಿ ಕಾಂಕ್ರೀಟ್ ಅಂಗಳವಿತ್ತು. ಅದು ವರ್ಷವರ್ಷವೂ ಬಿರುಕು ಬಿಡುತ್ತಿತ್ತು. ರಂಗೋಲಿಗೆ ನುಣ್ಣಗಿರಲೆಂದು ಅಪ್ಪ ಗೌರಿಹಬ್ಬಕ್ಕೆ ಮುಂಚೆ ಅದರ ಮೇಲೆ ಸಿಮೆಂಟು ಸವರಿಸುತ್ತಿದ್ದರು. ಆ ವರ್ಷ ಗಾರೆ ಕೆಲಸದ ರಂಗಣ್ಣ ಕರಣೆಯ ಹಿಡಿಯಿಂದ ಕುಟ್ಟಿದಾಗ ಖಾಲಿ ಮಡಕೆ ಬಡಿದಂಥ ಸದ್ದು ಬಂತು.

“ಒಳ್ಗೆ ಪೊಳ್ಳು ಕಣ್ ಸಾ. ಹಳೇ ಬಚ್ಚಲಗುಂಡಿ ಮಣ್ಣು ಕುಸ್ದದೆ. ಒಡೆದೇ ತುಂಬ್ಬೇಕು,” ಎಂದ.

“ಹಬ್ಬ ಇಟ್ಕೊಂಡು ಯಾರಾದ್ರೂ ನೆಲ ಅಗೀತಾರೇನಯ್ಯಾ? ಮೇಲೊಂದು ಕೈ ಎಳಿ,” ಎಂದರು ಅಪ್ಪ.

“ವರ್ಸಾ ವರ್ಸಾ ಇದೇ ರಾಗ. ಇನ್ನೊಂದ್ ಕೈ ಎಳುದ್ರೆ ಅಂಗ್ಳ ಸೂರು ಮುಟ್ತದೆ ಕಣ್ಲಾ!” ಅಜ್ಜಿ ಮಗನ ಮೇಲೆ ಸಿಡುಕಿದರು.

ರಂಗಣ್ಣ ಗೊಣಗುತ್ತ ಸಿಮೆಂಟು ಕಲಸುತ್ತಿದ್ದ. ಒಗೆದ ಬಟ್ಟೆಯ ಬಕೆಟ್ ಹಿಡಿದು ಅಮ್ಮ ಅಂಗಳಕ್ಕಿಳಿದರು. ನೆಲ ಬಾಯಿ ಬಿಟ್ಟಿತು. ಅಮ್ಮ ಎದೆಮಟ್ಟ ಒಳಗೆ ಹೋದರು.

ಅಪ್ಪ, ರಂಗಣ್ಣ ಸೇರಿ ಮೇಲೆಳೆದರು. ಮೈಯೆಲ್ಲ ಮಣ್ಣಾಗಿದ್ದ ಅಮ್ಮನನ್ನೇ ಅಪ್ಪ, “ನೋಡ್ಕೊಂಡು ಕಾಲಿಡಕ್ಕಾಗಲ್ವಾ?” ಎಂದು ಗದರಿದರು. ಆಮೇಲೆ ತಾವೇ ಹಾರೆ ಹಿಡಿದು ಅಂಗಳ ಒಡೆಯತೊಡಗಿದರು.

“ಆ ಮೂಲೆ ಗಟ್ಟಿಗದೆ, ಬುಡಿ ಸಾ,” ಎಂದು ರಂಗಣ್ಣ ಎಷ್ಟು ಹೇಳಿದರೂ ಅಪ್ಪ ಅದನ್ನೂ ಉಳಿಸಲಿಲ್ಲ.