ಬೆರಳು ಒಪ್ಪದ ಫೋನು

ಚಿಕ್ಕರಂಗಯ್ಯ ಫೋನನ್ನು ಗಾಜಿನ ಕೌಂಟರಿನ ಮೇಲಿಟ್ಟು, "ಕೆಟ್ಟೋಗೈತೆ ನೋಡಪ್ಪ. ನಾನು ಮುಟ್ಟಿದ್ರೆ ಅಲ್ಲಾಡಲ್ಲ" ಅಂದ.

ಮೊಬೈಲ್ ಅಂಗಡಿಯ ಅಫ್ತಾಬ್ ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳು ಆಡಿಸಿದ. ಪರದೆ ಸರ್ರನೆ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. "ಏನೂ ಆಗಿಲ್ವಲ್ಲ ರಂಗಣ್ಣ."

"ನಿನ್ನ ಮಾತು ಕೇಳ್ತದೆ. ನನ್ನ ಮಾತು ಕೇಳಲ್ಲ."

ಅವನು ತೋರುಬೆರಳನ್ನು ಪರದೆಗೆ ಒತ್ತಿ ತೋರಿಸಿದ. ಒತ್ತಿದ ರಭಸಕ್ಕೆ ಉಗುರು ಬೆಳ್ಳಗಾಯಿತು, ಪರದೆ ಕದಲಲಿಲ್ಲ. ತಿಪಟೂರು ಸುತ್ತಿನ ತೋಟಗಳಲ್ಲಿ ಮದುವೆಗೆ ಮುಂಚಿನಿಂದಲೂ ತೆಂಗಿನಕಾಯಿ ಸುಲಿದ ಬೆರಳು ಅದು. ತುದಿಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಕರಟದ ಹಾಗೆ ಒಣಗಿ ಗಟ್ಟಿಯಾಗಿತ್ತು.

"ಫೋನಲ್ಲ ಅಣ್ಣ, ಕೆಟ್ಟಿರೋದು ನಿಮ್ ಬೆರಳು. ಅದಕ್ಕೆ ಸ್ಪೇರ್ ಸಿಗಲ್ಲ" ಎಂದು ಅಫ್ತಾಬ್ ನಕ್ಕ.

ಚಿಕ್ಕರಂಗಯ್ಯ ನಗಲಿಲ್ಲ. ಪರದೆಯ ಮೇಲೆ ಬಂದು ನಿಂತಿದ್ದ ಮೆಸೇಜು ತೋರಿಸಿದ. "ಅಪ್ಪ, ಎಷ್ಟು ಸಲ ಮಾಡಿದರೂ ನೀನು ಎತ್ತುತ್ತಿಲ್ಲ. ಇವತ್ತು ಸಂಜೆ ಕೊನೇ ಸಲ ಮಾಡ್ತೀನಿ. ಎತ್ತದಿದ್ದರೆ ಇನ್ನು ಊರಿಗೆ ಬರಲ್ಲ."

ಮಗಳು ಜೀವಿತಾ ಹಾಸನದ ಹಾಸ್ಟೆಲಿನಲ್ಲಿದ್ದಳು. ಅಪ್ಪ ಹುಡುಕಿದ್ದ ಹುಳಿಯಾರು ಕಡೆಯ ಗಂಡನ್ನು ಬೇಡವೆಂದು ಬಿ.ಎಡ್. ಸೇರಲು ಹೊರಟ ದಿನ ಅವನು ಬಾಗಿಲಲ್ಲಿ ನಿಂತು, "ಹೋಗು. ನಾನಂತೂ ನಿನ್ ಮುಂದೆ ತಲೆ ಬಗ್ಸಲ್ಲ" ಅಂದಿದ್ದ. ಅವನ ಗುಂಡಿ ಫೋನಿನ ಬ್ಯಾಟರಿ ಉಬ್ಬಿಹೋಗಿತ್ತು. ಅವಳು ಅವನಿಗೆಂದೇ ವಿದ್ಯಾರ್ಥಿವೇತನದಲ್ಲಿ ಕೊಂಡಿದ್ದ ಈ ಫೋನನ್ನು ಅವನ ಜೇಬಿಗೆ ಹಾಕಿ ಬಸ್ಸು ಹತ್ತಿದ್ದಳು. ಅಂದಿನಿಂದ ಅದು ಬಡಿದುಕೊಳ್ಳುತ್ತಿತ್ತು, ಅವನು ಉಜ್ಜುತ್ತಿದ್ದ, ಅದು ನಿಂತುಹೋಗುತ್ತಿತ್ತು. ಹೆಂಡತಿ ಬದುಕಿದ್ದಿದ್ದರೆ ಎತ್ತುತ್ತಿದ್ದಳು. ತನ್ನ ಜೊತೆ ಕಾಯಿ ಸುಲಿಯುವವರ ಕೈಗೆ ಕೊಟ್ಟರೆ ಜಗಳದ ಸುದ್ದಿ ಊರೆಲ್ಲ ಆಗುತ್ತಿತ್ತು.

"ನಾನೇ ಕಾಲ್ ಹಾಕಿ ಕೊಡ್ಲಾ?" ಅಫ್ತಾಬ್ ಕೇಳಿದ.

"ಬ್ಯಾಡ. ಅವಳು ಮಾಡಬೇಕು, ನಾನು ಎತ್ತಬೇಕು. ಇಲ್ದಿದ್ರೆ ಇನ್ನೊಬ್ಬರು ಬಲವಂತ ಮಾಡಿ ಮಾತಾಡ್ಸಿದ್ರು ಅನ್ಕಂತಾಳೆ."

ಅಫ್ತಾಬ್ ಬಟ್ಟೆ ಒದ್ದೆ ಮಾಡಿ ಬೆರಳು ಒರೆಸಿ ನೋಡಿದ. ಪರದೆ ಒಮ್ಮೆ ಜಾರಿತು, ಆಮೇಲೆ ಅದೇ ಹಠ. "ನನ್ ಹೆಂಡ್ತಿ ಮಾಹಿರಾ ಹಿಟ್ಟು ನಾದುವಾಗ ಅವ್ರಮ್ಮನ ಫೋನ್ ಬಂದ್ರೆ ಮೂಗಲ್ಲೇ ಎತ್ತುತಾಳೆ. ನೀವೂ ಹಂಗೇ ಮಾಡಿ."

"ಥೂ, ಈ ವಯಸ್ಸಲ್ಲಿ ಫೋನಿಗೆ ಮೂಗು ಉಜ್ಜಲೇನಪ್ಪ!"

ಹಾಗಂದವನ ಕಣ್ಣು ಮೂಲೆಯಲ್ಲಿದ್ದ ಕಂಪ್ಯೂಟರಿನ ಮೇಲೆ ಬಿತ್ತು. ಅರ್ಜಿ, ಪಹಣಿ ತೆಗೆಯಲು ಅಫ್ತಾಬ್ ಇಟ್ಟುಕೊಂಡಿದ್ದ ಹಳೆಯದು. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದ.

"ಅದ್ರಲ್ಲಿ ಗುಂಡಿ ಅವೆ."

"ಅದಕ್ಕೆ ಒತ್ತಿದ್ರೆ ಸಾಕು. ಕೋಲಲ್ಲಿ ಒತ್ತಿದ್ರೂ ಕೇಳ್ತದೆ. ಈ ಫೋನಿಗೆ ಬಲ ಬೇಡ ಅಣ್ಣ, ಹಸಿ ಚರ್ಮ ಬೇಕು."

"ಫೋನಿಗೆ ಬಂದಿದ್ದಕ್ಕೆ ಅದ್ರಲ್ಲಿ ಉತ್ತರ ಬರೀಬೋದಾ?"

ಅಫ್ತಾಬ್ ಫೋನನ್ನು ಕಂಪ್ಯೂಟರಿಗೆ ಜೋಡಿಸಿಕೊಟ್ಟು ಪಕ್ಕಕ್ಕೆ ಸರಿದ. ಚಿಕ್ಕರಂಗಯ್ಯ ಕುರ್ಚಿಯ ತುದಿಯಲ್ಲಿ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಕೀಲಿ ಟಕ್ಕೆಂದು ಕೆಳಗೆ ಹೋಗಿ ಮೇಲೆ ಬರುತ್ತಿತ್ತು, ಅಕ್ಷರ ಮೂಡುತ್ತಿತ್ತು. ಅವನ ಮುಖ ಸಡಿಲವಾಯಿತು.

"ಮೆಲ್ಲಗೆ ಅಣ್ಣ, ಕಾಯಿ ಸುಲೀತಿಲ್ಲ ನೀವು."

"ಸುಮ್ನಿರಪ್ಪ, ಇದಾದ್ರೂ ಕೇಳ್ತಾ ಐತೆ."

ಬರೆದದ್ದು ಇಷ್ಟು: "ಜೀವಿತಾ, ನಾನು ನಿಮ್ಮಪ್ಪ. ಫೋನು ನನ್ನ ಬೆರಳು ತಗೊಳ್ಳಲ್ಲ. ಅದಕ್ಕೇ ಎತ್ತಲಿಲ್ಲ. ಕೋಪ ಇಲ್ಲ." ಕಳಿಸುವ ಗುಂಡಿಯನ್ನೂ ಅವನೇ ಒತ್ತಿದ.

ಉತ್ತರ ಕೂಡಲೇ ಬಂತು. "ಯಾರು ನೀವು? ನಮ್ಮಪ್ಪನಿಗೆ ಟೈಪ್ ಮಾಡಕ್ಕೆ ಬರಲ್ಲ. ಕೋಪ ಇಲ್ಲ ಅಂತಾನೂ ಅವರು ಯಾವತ್ತೂ ಹೇಳಲ್ಲ. ಫೋನು ಅವರಿಗೆ ಕೊಡಿ."

ಚಿಕ್ಕರಂಗಯ್ಯ ಎರಡು ಸಲ ಓದಿದ. ಮತ್ತೆ ಕೀಲಿಗಳ ಮೇಲೆ ಬೆರಳಿಟ್ಟ, ಯಾವ ಅಕ್ಷರವನ್ನು ಒತ್ತಬೇಕೆಂದು ತಿಳಿಯದೆ ತೆಗೆದ. ಏನು ಬರೆದರೂ ಅದು ಯಾರಾದರೂ ಬರೆಯಬಹುದಾದ ಅಕ್ಷರವೇ.

ಅಷ್ಟರಲ್ಲಿ ಕೌಂಟರಿನ ಮೇಲೆ ಫೋನು ನಡುಗತೊಡಗಿತು. ವಿಡಿಯೋ ಕಾಲ್. ಜೀವಿತಾಳ ಫೋಟೋ, ಅದರ ಕೆಳಗೆ ಹಸಿರು ಗುರುತು. ಅಫ್ತಾಬನ ಕೈ ಮುಂದೆ ಬಂತು.

"ಬುಡಪ್ಪ" ಎಂದು ಚಿಕ್ಕರಂಗಯ್ಯ ಎದ್ದು ಬಂದು ಫೋನನ್ನು ತನ್ನ ಕಡೆಗೆ ಎಳೆದುಕೊಂಡ. ತೋರುಬೆರಳಲ್ಲಿ ಉಜ್ಜಿದ. ನಾಲಿಗೆಗೆ ತಾಗಿಸಿ ಉಜ್ಜಿದ. ಹೆಬ್ಬೆರಳಲ್ಲಿ ಉಜ್ಜಿದ. ಹಸಿರು ಗುರುತು ಕುಣಿಯುತ್ತಲೇ ಇತ್ತು.

ಅವನು ಒಮ್ಮೆ ರಸ್ತೆಯ ಕಡೆ ನೋಡಿದ. ಅಫ್ತಾಬ್ ಬೇಕೆಂದೇ ಬೆನ್ನು ತಿರುಗಿಸಿ ಚಾರ್ಜರುಗಳನ್ನು ಜೋಡಿಸುತ್ತ ನಿಂತ. ಚಿಕ್ಕರಂಗಯ್ಯ ಕೌಂಟರಿಗೆ ಎರಡೂ ಕೈ ಊರಿ, ಬಗ್ಗಿ, ಮೂಗನ್ನು ಪರದೆಗೆ ಒತ್ತಿ ಮೇಲಕ್ಕೆ ಎಳೆದ.

ನಡುಕ ನಿಂತಿತು.

"ಅಪ್ಪಾ? ಬರೀ ಮೂಗು ಕಾಣ್ತಾ ಐತೆ ಕಣಪ್ಪ" ಎಂದಳು ಜೀವಿತಾ. ದನಿಯಲ್ಲಿ ನಗು ಇತ್ತೋ ಅಳು ಇತ್ತೋ, ಬೆನ್ನು ಹಾಕಿ ನಿಂತಿದ್ದ ಅಫ್ತಾಬನಿಗೆ ತಿಳಿಯಲಿಲ್ಲ. "ತಲೆ ಎತ್ತಪ್ಪ, ಮುಖ ನೋಡಬೇಕು."

ಎತ್ತಿದರೆ ಎಲ್ಲಿ ಕಟ್ಟಾಗಿಬಿಡುತ್ತದೋ ಎಂದು ಚಿಕ್ಕರಂಗಯ್ಯ ಬಗ್ಗಿಕೊಂಡೇ ಮಾತಾಡಿದ.