ಇಳಿದ ಶ್ರುತಿ

ನನ್ನ ತಂಬೂರಿ ಕೇಳಲು ಧಾರವಾಡದ ಕಾಗೆಗಳೆಲ್ಲ ಸಾಲುಗಟ್ಟಿ ಕೂರುತ್ತಿದ್ದವು. ಜೊತೆಗೆ ಹೆಂಡತಿ ಇಂದುಮತಿ ಹಾಡುತ್ತಿದ್ದಳು. ಅದೂ ಪರವಾಗಿರಲಿಲ್ಲ ಅನ್ನಿ.

ಅವಳು ತೀರಿಕೊಂಡು ಹನ್ನೊಂದು ವರ್ಷವಾಯಿತು. ಹಿಂದೆ ರೇಡಿಯೊದಿಂದ ಆಕಾಶಕ್ಕೆ ಹೋದ ಸಂಗೀತ ಕಛೇರಿಗಳು ಈಗ ಒಂದೊಂದಾಗಿ ಮರಳಿ ಬರುತ್ತಿವೆಯಲ್ಲ, ಯಾವುದು ಯಾವ ಊರಿಗೆ ಎಷ್ಟು ಗಂಟೆಗೆ ಎಂದು ಪತ್ರಿಕೆಯವರು ಮಳೆ ಬಿಸಿಲಿನ ಸುದ್ದಿಯ ಜೊತೆಗೇ ಹಾಕುತ್ತಾರೆ. ಬರುವುದು ಒಂದೇ ಸಲ. ಹಾಗೆ ಮರಳಿದ್ದನ್ನು ಹಿಡಿದಿಡುವ ಯಂತ್ರ ಇನ್ನೂ ಹುಟ್ಟಿಲ್ಲ. ನಿನ್ನೆ ಸಂಜೆ ನಾಲ್ಕಕ್ಕೆ ಇಂದುಮತಿ ಹಾಡಿದ ಮುಲ್ತಾನಿ ರಾಗ ಬರುವುದಿತ್ತು.

“ಇದರಾಗ ನಿಮ್ಮವ್ವ ಶ್ರುತಿ ಬಿಟ್ಟಿದ್ಲು. ಮುಳುಗೋ ಹಡಗ ಎಳದಂಗ ನಾನಽ ಎಳಕೊಂಡು ಬಂದೆ” ಎಂದೆ ಮಗಳು ವೃಂದಾಗೆ.

“ಸಾವಿರ ಸಲ ಕೇಳೇನಿ. ಇವತ್ತರೆ ಸುಮ್ನ ಕೂಡ್ರಿ, ಅಪ್ಪಾ. ಅವ್ವ ಬರೂ ಹೊತ್ತಾತು.”

ರೇಡಿಯೊದಲ್ಲಿ ಇಂದುಮತಿಯ ದನಿ ಬಂತು. ಹತ್ತು ನಿಮಿಷ ಕಳೆದಿರಬೇಕು, ತಂಬೂರಿಯ ಶ್ರುತಿ ಮೆಲ್ಲಗೆ ಇಳಿಯತೊಡಗಿತು. ನನ್ನ ತಂಬೂರಿ! ಇಂದುಮತಿ ಆಲಾಪದಲ್ಲೇ ಒಮ್ಮೆ ಹೊರಳಿ, ತನ್ನ ಷಡ್ಜವನ್ನು ಅಷ್ಟೇ ಇಳಿಸಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. ಆಮೇಲೆ ಮೂವತ್ತು ವರ್ಷ ನನ್ನ ಬಡಾಯಿ ಕೇಳಿ ಬರೀ ನಕ್ಕಿದ್ದಳು.

ವೃಂದಾ ನನ್ನ ಮುಖ ನೋಡಿದಳು. “ಅಪ್ಪಾ, ಇಳದದ್ದು…”

“ಹೌದವಾ. ನಂದಽ.”

ಕಛೇರಿ ಮುಗಿದು ಬರೀ ಗರಗರ ಸದ್ದು ಉಳಿಯಿತು. ತಂಬೂರಿ ತೆಗೆದು, ಅಷ್ಟೇ ಇಳಿಸಿ, ಕತ್ತಲಾಗುವವರೆಗೆ ಮೀಟಿದೆ.

ಧಾರವಾಡದ ಕಾಗೆಗಳೆಲ್ಲ ಬಂದವು. ಅವಳೊಬ್ಬಳು ಬರಲಿಲ್ಲ.